ಒಂದೇ ಎರರ್ ಮುನ್ನೂರು ಸಲ: ಮಡ್ ಆಟದ ಸ್ಕ್ರಿಪ್ಟ್ ಸದ್ದಿಲ್ಲದೆ ಕೈಕೊಟ್ಟಾಗ

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಸ್ಕ್ರೀನ್ ರೀಡರ್ ಇಟ್ಟುಕೊಂಡು ಮಡ್‌ಲೆಟ್‌ನಲ್ಲಿ ಮಡ್ ಆಡುತ್ತೇನೆ; ಮಡ್ ಎಂದರೆ ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಆಡುವ ಪಠ್ಯ ಆಟ, ಮಡ್‌ಲೆಟ್ ಅದಕ್ಕೆ ಜೋಡಿಸುವ ಕ್ಲೈಂಟ್ ಪ್ರೋಗ್ರಾಂ. ಪಾತ್ರದ ಸ್ಥಿತಿ ಹೇಳುವ ಪ್ರಾಂಪ್ಟ್ ಸಾಲಿನಿಂದ ಆರೋಗ್ಯದ ಅಂಕಿ ಓದಿ, ಅದು 2000ಕ್ಕಿಂತ ಕೆಳಗಿಳಿದರೆ ಮದ್ದು ಕುಡಿಯುವ ಆದೇಶ ಕಳಿಸುವ ಟ್ರಿಗರ್ (ಆಟದ ಸಾಲು ಬಂದಾಗ ತಾನಾಗಿ ಓಡುವ ಸ್ಕ್ರಿಪ್ಟ್) ಬರೆದುಕೊಂಡಿದ್ದೆ. ಆಟದವರು ಇತ್ತೀಚೆಗೆ ಅಂಕಿಗಳಿಗೆ ಕಾಮಾ ಸೇರಿಸಿದರು. 4120 ಈಗ 4,120 ಆಗಿದೆ. ಮರುದಿನ ಕಾಳಗದ ನಡುವೆ ಮದ್ದು ಹೋಗಲೇ ಇಲ್ಲ, ಪಾತ್ರ ಸತ್ತಿತು. ಏನೂ ಕೇಳಿಸಲಿಲ್ಲ. ಆಮೇಲೆ ಎಡಿಟರ್ ತೆರೆದರೆ ಎರರ್ ಪಟ್ಟಿಯಲ್ಲಿ ಒಂದೇ ಸಾಲು ಮುನ್ನೂರಕ್ಕೂ ಹೆಚ್ಚು ಸಲ ಬಂದಿತ್ತು. ಕಾಮಾ ತೆಗೆಯುವಂತೆ ತಿದ್ದಿದೆ, ಬೇರೊಂದು ಎರರ್ ಬಂತು. ಒಂದು ಎರರ್ ಬಂದರೆ ಲುವಾ (ಸ್ಕ್ರಿಪ್ಟ್ ಬರೆಯುವ ಭಾಷೆ) ಪೂರ್ತಿ ನಿಂತುಹೋಗುತ್ತದೆ, ಎಲ್ಲಕ್ಕೂ ಎರರ್ ಹಿಡಿಯುವ ಪಿಕಾಲ್ ಫಂಕ್ಷನ್ ಸುತ್ತಿಬಿಡು ಎನ್ನುತ್ತಾನೆ ಗೆಳೆಯ. ಎರರ್ ಕೊಟ್ಟ ಟ್ರಿಗರನ್ನು ಕ್ಲೈಂಟೇ ತಾನಾಗಿ ಆಫ್ ಮಾಡಲಿ ಎಂದು ಡೆವಲಪರ್‌ಗಳಿಗೆ ಸಲಹೆ ಬರೆಯೋಣ ಅಂತ ನನಗನಿಸುತ್ತದೆ. ಸರಿಯೇ? ಹೇಗೆ ಬರೆಯಬೇಕು? (ಹಾಸನದ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಬೆರೆತಿವೆ. ಸ್ಕ್ರಿಪ್ಟ್‌ನಲ್ಲಿ ಎರರ್ ಬಂದದ್ದು ಒಂದು. ಬಂದದ್ದು ನಿಮಗೆ ಗೊತ್ತಾಗದೆ ಹೋದದ್ದು ಇನ್ನೊಂದು. ಮೊದಲನೆಯದನ್ನು ತಿದ್ದುವುದು ಹತ್ತು ನಿಮಿಷದ ಕೆಲಸ. ನಿಮ್ಮ ಪಾತ್ರವನ್ನು ಕೊಂದದ್ದು ಎರಡನೆಯದು, ಡೆವಲಪರ್‌ಗಳಿಗೆ ಬರೆಯಬೇಕಾದದ್ದೂ ಅದರ ಬಗ್ಗೆಯೇ. ತಾನಾಗಿ ಆಫ್ ಆಗುವ ವ್ಯವಸ್ಥೆಯನ್ನೇ ಮುಂದಿಟ್ಟು ಕೇಳಿದರೆ, ಸದ್ದಿಲ್ಲದೆ ಕೈಕೊಡುವ ಇನ್ನೊಂದು ದಾರಿಯನ್ನು ನೀವೇ ಕೇಳಿ ಪಡೆದಂತಾಗುತ್ತದೆ.

ಗೆಳೆಯರ ಮಾತಿನಿಂದ ಶುರುಮಾಡುತ್ತೇನೆ. ಒಂದು ಎರರ್‌ಗೆ ಲುವಾ ಪೂರ್ತಿ ನಿಲ್ಲುತ್ತದೆ ಎಂಬುದು ನಿಜವಲ್ಲ. ಮಡ್‌ಲೆಟ್ ಪ್ರತಿ ಟ್ರಿಗರ್, ಅಲಿಯಾಸ್ (ನೀವು ಟೈಪ್ ಮಾಡುವ ಆದೇಶಕ್ಕೆ ಓಡುವ ಸ್ಕ್ರಿಪ್ಟ್), ಟೈಮರ್‌ನ ಸ್ಕ್ರಿಪ್ಟನ್ನು ಬೇರೆ ಬೇರೆ ಕರೆಯಾಗಿ ಓಡಿಸುತ್ತದೆ. ಎರರ್ ಬಂದರೆ ಆ ಒಂದು ಕರೆ ಅಲ್ಲಿಗೆ ಮುಗಿಯುತ್ತದೆ, ಉಳಿದವು ಎಂದಿನಂತೆ ನಡೆಯುತ್ತವೆ. ಮುಂದಿನ ಪ್ರಾಂಪ್ಟ್ ಬಂದಾಗ ಅದೇ ಟ್ರಿಗರ್ ಮತ್ತೆ ಓಡಿ, ಅದೇ ಸಾಲಿನಲ್ಲಿ ಮತ್ತೆ ಮುಗ್ಗರಿಸುತ್ತದೆ. ಮುನ್ನೂರು ಸಾಲು ಬಂದದ್ದು ಹಾಗೆ.

ಆದರೆ ಗೆಳೆಯರ ಭಯಕ್ಕೆ ಬುಡವೇ ಇಲ್ಲ ಅನ್ನುವಂತಿಲ್ಲ. ನಿಂತ ಕರೆ ಅದುವರೆಗೆ ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ‘ಮದ್ದು ಕಳಿಸಿದ್ದೇನೆ’ ಎಂಬ ಗುರುತನ್ನು ಮೊದಲ ಸಾಲಿನಲ್ಲೇ ನಿಜ ಎಂದು ಬರೆದು, ಮೂರನೇ ಸಾಲಿನ ಲೆಕ್ಕದಲ್ಲಿ ಎರರ್ ಬಂದರೆ ಆ ಗುರುತು ನಿಜ ಎಂದೇ ಉಳಿದುಬಿಡುತ್ತದೆ. ಆಮೇಲೆ ಟ್ರಿಗರ್ ಪ್ರತಿ ಸಲವೂ ‘ಈಗಾಗಲೇ ಕಳಿಸಿದೆಯಲ್ಲ’ ಎಂದು ಸುಮ್ಮನೆ ಹಿಂದಿರುಗುತ್ತದೆ. ಆಗ ಎರರ್ ಬರುವುದು ಒಂದೇ ಒಂದು ಸಲ, ತೊಂದರೆ ಮಾತ್ರ ಪ್ರೊಫೈಲ್ (ಒಂದು ಆಟಕ್ಕಾಗಿ ಉಳಿಸಿಟ್ಟ ಸ್ಕ್ರಿಪ್ಟ್, ಸೆಟ್ಟಿಂಗ್ಸ್) ಮುಚ್ಚಿ ತೆರೆಯುವವರೆಗೂ ಇರುತ್ತದೆ. ಹುಡುಕುವುದಕ್ಕೆ ನಿಮ್ಮ ಮುನ್ನೂರು ಸಾಲಿಗಿಂತ ಇದು ಕಷ್ಟ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಆದೇಶ, ಕೊನೆಗೆ ಗುರುತು ಎಂಬ ಕ್ರಮ ಇಟ್ಟುಕೊಳ್ಳಿ. ನಿಜ–ಸುಳ್ಳಿನ ಗುರುತಿಗಿಂತಲೂ ಕೊನೆಯ ಮದ್ದು ಕಳಿಸಿದ ಹೊತ್ತನ್ನು ಬರೆದಿಡುವುದು ಒಳ್ಳೆಯದು. ಮಡ್‌ಲೆಟ್‌ನ ‘ಗೆಟ್‌ಎಪಾಕ್’ ಸೆಕೆಂಡಿನ ಭಾಗದವರೆಗೆ ಸಮಯ ಕೊಡುತ್ತದೆ. ಈಗಿನ ಹೊತ್ತಿನಿಂದ ಅದನ್ನು ಕಳೆದು, ಮೂರು ಸೆಕೆಂಡ್ ದಾಟಿದ್ದರೆ ಮತ್ತೆ ಕಳಿಸಿ. ಏನೇ ಎಡವಟ್ಟಾದರೂ ಹೊತ್ತು ಸರಿಯುತ್ತಲೇ ಇರುತ್ತದೆ, ಗುರುತಿನಂತೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಕಾಮಾ ಮಾಡಿದ ಕೆಲಸ

ಯಾವ ಸಾಲಿಗೆ ಟ್ರಿಗರ್ ಏಳಬೇಕೆಂದು ಹೇಳುವ ನಿಮ್ಮ ಪ್ಯಾಟರ್ನ್ ‘ಸ್ಪೇಸ್ ಅಲ್ಲದ ಯಾವುದೇ ಅಕ್ಷರ’ವನ್ನು ಹಿಡಿಯುವಂಥದ್ದಿರಬೇಕು, ಹಾಗಾಗಿ ಕಾಮಾ ಸಮೇತ 4,120 ಒಳಗೆ ಬಂತು. ಪಠ್ಯವನ್ನು ಅಂಕಿಯಾಗಿಸುವ ಲುವಾದ ‘ಟುನಂಬರ್’ಗೆ ಕಾಮಾ ಇರುವ ಪಠ್ಯ ಅಂಕಿಯಲ್ಲ. ಅದು ಎರರ್ ಕೊಡದೆ ‘ನಿಲ್’ (ಏನೂ ಇಲ್ಲ) ಎಂದು ಹಿಂದಿರುಗಿಸುತ್ತದೆ. ಮುಂದಿನ ಸಾಲಿನಲ್ಲಿ ನಿಲ್ ಅನ್ನು 2000ದ ಜೊತೆ ಹೋಲಿಸಿದಾಗ ‘ಅಟೆಂಪ್ಟ್ ಟು ಕಂಪೇರ್ ನಿಲ್ ವಿತ್ ನಂಬರ್’ ಬರುತ್ತದೆ. ತಪ್ಪಾದದ್ದು ಒಂದು ಕಡೆ, ಎರರ್ ತೋರುವುದು ಇನ್ನೊಂದು ಕಡೆ. ಲುವಾದಲ್ಲಿ ನಿಲ್‌ನಿಂದ ಆಗುವ ಎರರ್‌ಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಎರರ್ ತೋರಿಸಿದ ಸಾಲಿನಿಂದ ಒಂದೆರಡು ಸಾಲು ಹಿಂದಕ್ಕೆ ಹೋಗಿ ನೋಡಿ.

ಇದರ ಇನ್ನೊಂದು ಪರಿಣಾಮ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಆರೋಗ್ಯ 999ಕ್ಕೆ ಇಳಿದರೆ ಅಂಕಿಯಲ್ಲಿ ಕಾಮಾ ಇರುವುದಿಲ್ಲ, ಸ್ಕ್ರಿಪ್ಟ್ ಸರಿಯಾಗಿಯೇ ನಡೆಯುತ್ತದೆ. ಅಂದರೆ ನಿಮ್ಮ ಟ್ರಿಗರ್ 1,000ದಿಂದ 1,999ರವರೆಗೆ ಮಾತ್ರ ಮದ್ದು ಕಳಿಸದೆ ಕೂತಿತ್ತು. ಆ ನಡುವೆ ಇರುವಾಗ ಒಂದು ದೊಡ್ಡ ಏಟು ಬಿದ್ದರೆ ಮುಗಿಯಿತು. ಸಣ್ಣ ಕಾಳಗಗಳಲ್ಲಿ 900ಕ್ಕೆ ಇಳಿದು ಮದ್ದು ಹೋದದ್ದನ್ನು ಕೇಳಿಸಿಕೊಂಡವರು ‘ಎಲ್ಲ ಸರಿಯಿದೆ’ ಎಂದೇ ನಂಬುತ್ತಾರೆ.

ಪ್ಯಾಟರ್ನ್ ಬೇರೆ ಥರ ಇದ್ದಿದ್ದರೆ ಎರರ್ ಕೂಡ ಬರುತ್ತಿರಲಿಲ್ಲ ಎಂಬುದನ್ನು ಗಮನಿಸಿ. ‘ಆರೋಗ್ಯ’ ಎಂಬ ಪದದ ಹಿಂದೆಯೇ ಅಂಕಿ, ಓರೆಗೀಟು, ಮತ್ತೊಂದು ಅಂಕಿ ಎಂದು ಬಿಗಿಯಾಗಿ ಬರೆದಿದ್ದರೆ ಕಾಮಾ ಬಂದ ದಿನದಿಂದ ಟ್ರಿಗರ್ ಹೊಂದಿಕೆಯೇ ಆಗುತ್ತಿರಲಿಲ್ಲ. ಓಡದ ಸ್ಕ್ರಿಪ್ಟ್‌ನಲ್ಲಿ ಎರರ್ ಎಲ್ಲಿಂದ ಬರಬೇಕು? ‘ಆರೋಗ್ಯ ಎಂಬ ಪದದ ನಂತರದ ಅಂಕಿಗಳು’ ಎಂದಷ್ಟೇ ಬರೆದು ಕೊನೆಯನ್ನು ಕಟ್ಟದೆ ಬಿಟ್ಟಿದ್ದರೆ 4,120ರಲ್ಲಿ ಬರೀ 4 ಸಿಗುತ್ತಿತ್ತು. ಆಗ ತುಂಬು ಆರೋಗ್ಯದಲ್ಲೇ ಮದ್ದಿನ ಮೇಲೆ ಮದ್ದು ಕುಡಿದು ಚೀಲ ಬರಿದಾಗುತ್ತಿತ್ತು. ಕ್ಲೈಂಟ್ ಎಷ್ಟೇ ಚೆನ್ನಾಗಿ ಎರರ್ ನಿಭಾಯಿಸಿದರೂ ಈ ಎರಡನ್ನೂ ಹಿಡಿಯಲಾರದು. ಹಿಡಿಯಬೇಕಾದರೆ ಸ್ಕ್ರಿಪ್ಟ್‌ನಲ್ಲೇ ಎರಡು ತಪಾಸಣೆ ಬೇಕು: ಕಾಳಗ ನಡೆಯುತ್ತಿರುವಾಗ ಹತ್ತು ಸೆಕೆಂಡ್ ಪ್ರಾಂಪ್ಟ್ ಹೊಂದಿಕೆಯಾಗದಿದ್ದರೆ ಎಚ್ಚರಿಕೆ, ಸಿಕ್ಕ ಅಂಕಿ ಒಂದೇ ಪ್ರಾಂಪ್ಟ್‌ನಲ್ಲಿ ನಂಬಲಾಗದಷ್ಟು ಬದಲಾದರೆ ಎಚ್ಚರಿಕೆ.

ಇನ್ನು ನಿಮ್ಮ ಎರಡನೇ ಎರರ್. ಅದು ‘ಬೇಸ್ ಔಟ್ ಆಫ್ ರೇಂಜ್’ ಎಂದಿದ್ದರೆ ಕಾರಣ ಹೇಳುತ್ತೇನೆ. ಕಾಮಾ ತೆಗೆಯಲು ‘ಜಿಸಬ್’ ಬಳಸಿ, ಅದನ್ನು ನೇರವಾಗಿ ಟುನಂಬರ್‌ನ ಕಂಸದೊಳಗೆ ಇಟ್ಟಿದ್ದೀರಿ. ಜಿಸಬ್ ಎರಡು ಬೆಲೆಗಳನ್ನು ಹಿಂದಿರುಗಿಸುತ್ತದೆ: ತಿದ್ದಿದ ಪಠ್ಯ, ಮತ್ತು ಎಷ್ಟು ಕಡೆ ತಿದ್ದಿತು ಎಂಬ ಎಣಿಕೆ. ಆ ಎಣಿಕೆ ಟುನಂಬರ್‌ಗೆ ಎರಡನೇ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಬೆಲೆ) ಆಗಿ ಹೋಗುತ್ತದೆ, ಟುನಂಬರ್ ಅದನ್ನು ಸಂಖ್ಯಾಪದ್ಧತಿಯ ಆಧಾರ ಎಂದುಕೊಳ್ಳುತ್ತದೆ. 4,120ರಲ್ಲಿ ಒಂದು ಕಾಮಾ, ಹಾಗಾಗಿ ಆಧಾರ 1. ಲುವಾ ಒಪ್ಪುವುದು 2ರಿಂದ 36ರವರೆಗೆ ಮಾತ್ರ. 1,234,567 ಎಂಬಂಥ ಅಂಕಿ ಬಂದರೆ ಇನ್ನೂ ಕೆಟ್ಟದ್ದು: ಎರಡು ಕಾಮಾ ಎಂದರೆ ಆಧಾರ 2, ಆಗ ಎರರ್ ಇಲ್ಲದೆ ನಿಲ್ ಬರುತ್ತದೆ. ಜಿಸಬ್ ಕರೆಯ ಸುತ್ತ ಇನ್ನೊಂದು ಜೊತೆ ಕಂಸ ಹಾಕಿದರೆ ಮೊದಲ ಬೆಲೆ ಮಾತ್ರ ಉಳಿಯುತ್ತದೆ. ಇಲ್ಲವೇ ಫಲಿತಾಂಶವನ್ನು ಮೊದಲು ಒಂದು ಲೋಕಲ್ ಹೆಸರಿಗೆ ಹಾಕಿ, ಆಮೇಲೆ ಟುನಂಬರ್‌ಗೆ ಕೊಡಿ. ಸ್ಕ್ರೀನ್ ರೀಡರ್‌ನಲ್ಲಿ ಓದುವವರಿಗೆ ಎರಡನೆಯದೇ ಸುಲಭ, ಕಂಸ ಎಣಿಸುವ ಕಷ್ಟ ತಪ್ಪುತ್ತದೆ.

ಪ್ರಾಂಪ್ಟ್ ಬಿಟ್ಟು ಜಿಎಂಸಿಪಿ (ಸರ್ವರ್ ತೆರೆಮರೆಯಲ್ಲಿ ಕ್ಲೈಂಟ್‌ಗೆ ಮಾಹಿತಿ ಕಳಿಸುವ ದಾರಿ) ಮೂಲಕ ಆರೋಗ್ಯ ಓದಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ಆಟದಲ್ಲಿ ಅದು ಇದ್ದರೆ ಖಂಡಿತ ಬದಲಾಯಿಸಿ, ಪ್ರಾಂಪ್ಟ್‌ನ ಅಲಂಕಾರ ಬದಲಾದರೂ ಅದು ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ಅಲ್ಲೂ ಗುಂಡಿಗಳಿವೆ. ಲಾಗಿನ್ ಆಗಿ ಸರ್ವರ್ ಮೊದಲ ಮಾಹಿತಿ ಕಳಿಸುವವರೆಗೆ ಅದನ್ನು ಇಡುವ ಟೇಬಲ್ (ಲುವಾದಲ್ಲಿ ಹೆಸರು, ಬೆಲೆಗಳ ಪಟ್ಟಿ) ಖಾಲಿ, ಆಗ ಒಳಗಿನ ಹೆಸರನ್ನು ಮುಟ್ಟಿದರೆ ‘ಅಟೆಂಪ್ಟ್ ಟು ಇಂಡೆಕ್ಸ್’ ಎರರ್. ಒಂದೊಂದು ಮೆಟ್ಟಿಲಿಗೂ ‘ಇದೆಯೇ’ ಎಂದು ಕೇಳಿಕೊಂಡು ಇಳಿಯಬೇಕು. ಇನ್ನು, ಕೆಲವು ಆಟಗಳು ಅಂಕಿಯನ್ನು ಪಠ್ಯವಾಗಿಯೇ ಕಳಿಸುತ್ತವೆ. ಪಠ್ಯವಾದ ‘10’ಕ್ಕೆ 1 ಕೂಡಿಸಿದರೆ ಲುವಾ ತಾನೇ ಬದಲಾಯಿಸಿ 11 ಕೊಡುತ್ತದೆ, ಹೋಲಿಕೆಯಲ್ಲಿ ಮಾತ್ರ ಆ ಔದಾರ್ಯ ಇಲ್ಲ, ಅಂಕಿಯನ್ನು ಪಠ್ಯದ ಜೊತೆ ಹೋಲಿಸಿದರೆ ಎರರ್. ಎರಡೂ ಪಠ್ಯವಾಗಿದ್ದರಂತೂ ಎರರ್ ಕೂಡ ಬರುವುದಿಲ್ಲ, ಅಕ್ಷರ ಕ್ರಮದಲ್ಲಿ ಹೋಲಿಸುತ್ತದೆ. ಪಠ್ಯವಾದ 900, ಪಠ್ಯವಾದ 1000ಕ್ಕಿಂತ ದೊಡ್ಡದು ಎಂಬ ಉತ್ತರ ಸಿಗುತ್ತದೆ, ಏಕೆಂದರೆ 9 ಎಂಬ ಅಕ್ಷರ 1ರ ನಂತರ ಬರುತ್ತದೆ. ಎಲ್ಲಿಂದ ಬಂದ ಅಂಕಿಯಾದರೂ ಬಾಗಿಲಲ್ಲೇ ಟುನಂಬರ್ ಮಾಡಿ, ನಿಲ್ ಆದರೆ ಅಲ್ಲೇ ಕೂಗಿ ಹೇಳಿಸಿ.

ಪಿಕಾಲ್ ಸುತ್ತುವ ಮುನ್ನ

ಪಿಕಾಲ್ ನಿಧಾನ ಎನ್ನುವವರಿದ್ದಾರೆ. ಆಟದ ಸಾಲುಗಳು ಬರುವ ವೇಗಕ್ಕೆ ಅದರ ವೆಚ್ಚ ಲೆಕ್ಕಕ್ಕೇ ಬರುವುದಿಲ್ಲ, ಆ ಚಿಂತೆ ಬಿಡಿ. ಅಪಾಯ ಬೇರೆ ಇದೆ. ಪಿಕಾಲ್ ಎರರನ್ನು ಹಿಡಿದು, ‘ಸುಳ್ಳು’ ಎಂಬ ಬೆಲೆಯನ್ನೂ ಎರರ್‌ನ ಪಠ್ಯವನ್ನೂ ನಿಮ್ಮ ಕೈಗೆ ಕೊಡುತ್ತದೆ. ಆ ಎರಡನ್ನು ನೋಡದೆ ಬಿಟ್ಟರೆ ಎರರ್ ಪಟ್ಟಿಯಲ್ಲಿ ಬರುತ್ತಿದ್ದ ಮುನ್ನೂರು ಸಾಲೂ ಬರುವುದಿಲ್ಲ. ಗೆಳೆಯರು ಹೇಳಿದಂತೆ ಎಲ್ಲಕ್ಕೂ ಸುತ್ತಿ ಸುಮ್ಮನಾಗಿದ್ದರೆ ಇವತ್ತಿಗೂ ನಿಮಗೆ ಕಾರಣ ತಿಳಿಯುತ್ತಿರಲಿಲ್ಲ.

ಬೇಕಾದದ್ದು ‘ಎಕ್ಸ್‌ಪಿಕಾಲ್’. ಎರರ್ ಆದ ಕ್ಷಣದಲ್ಲಿ, ಕರೆಗಳ ಸರಪಳಿ ಇನ್ನೂ ಕಳಚದಿರುವಾಗಲೇ, ಅದು ನೀವು ಕೊಟ್ಟ ಹ್ಯಾಂಡ್ಲರನ್ನು (ಎರರ್ ನೋಡಿಕೊಳ್ಳುವ ಫಂಕ್ಷನ್) ಓಡಿಸುತ್ತದೆ. ಅಲ್ಲಿ ‘ಡೀಬಗ್ ಟ್ರೇಸ್‌ಬ್ಯಾಕ್’ ಕರೆದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬುದು ಪೂರ್ತಿ ಸಿಗುತ್ತದೆ. ಪಿಕಾಲ್ ಮುಗಿದ ಮೇಲೆ ಅದನ್ನೇ ಕರೆದರೆ ಪಿಕಾಲ್ ಕರೆದ ಜಾಗ ಮಾತ್ರ ಸಿಗುತ್ತದೆ. ಮಡ್‌ಲೆಟ್‌ನಲ್ಲಿರುವುದು ಲುವಾ 5.1. ಅದರ ಎಕ್ಸ್‌ಪಿಕಾಲ್ ಫಂಕ್ಷನ್, ಹ್ಯಾಂಡ್ಲರ್ ಎರಡನ್ನೇ ತೆಗೆದುಕೊಳ್ಳುತ್ತದೆ, ಆರ್ಗ್ಯುಮೆಂಟ್‌ಗಳನ್ನು ದಾಟಿಸುವುದಿಲ್ಲ. ಆರ್ಗ್ಯುಮೆಂಟ್ ಬೇಕಿದ್ದರೆ ಹೆಸರಿಲ್ಲದ ಫಂಕ್ಷನ್ ಒಂದರೊಳಗೆ ನಿಮ್ಮ ಕರೆಯನ್ನಿಟ್ಟು ಅದನ್ನು ಕೊಡಿ. ಕೋರೂಟೀನ್ (ನಡುವೆ ನಿಂತು ಆಮೇಲೆ ಮುಂದುವರಿಯಬಲ್ಲ ಫಂಕ್ಷನ್) ಬಳಸಿ ‘ಎರಡು ಸೆಕೆಂಡ್ ಕಾದು ಮುಂದುವರಿ’ ಎಂದು ಬರೆದಿರುವ ಸ್ಕ್ರಿಪ್ಟ್‌ಗಳನ್ನು ಇದರೊಳಗೆ ಇಡಬೇಡಿ; 5.1ರಲ್ಲಿ ಪಿಕಾಲ್ ದಾಟಿ ಯೀಲ್ಡ್ ಮಾಡಲಾಗದು (ಹಾಗೆ ನಡುವೆ ನಿಲ್ಲಲಾಗದು), ಹೊಸ ಎರರ್ ಬರುತ್ತದೆ. ಕೊನೆಯಿಲ್ಲದ ಲೂಪ್‌ಗೂ ಇದು ಮದ್ದಲ್ಲ. ಅಲ್ಲಿ ಎರರ್ ಹುಟ್ಟುವುದೇ ಇಲ್ಲ, ಕ್ಲೈಂಟ್ ಹಾಗೇ ಮರಗಟ್ಟುತ್ತದೆ.

ಹಾಗಾಗಿ ‘ಕಾವಲು’ ಎಂಬಂಥ ಒಂದೇ ಫಂಕ್ಷನ್ ಬರೆದುಕೊಳ್ಳಿ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಾಗುತ್ತದೆ, ಲುವಾ 5.1 ವೇರಿಯಬಲ್ ಹೆಸರಿಗೆ ಕನ್ನಡ ಲಿಪಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೆ ಕೆಲಸದ ಹೆಸರು ಮತ್ತು ಫಂಕ್ಷನ್ ಕೊಟ್ಟರೆ ಎಕ್ಸ್‌ಪಿಕಾಲ್‌ನಲ್ಲಿ ಓಡಿಸಲಿ. ಎರರ್ ಬಂದರೆ ಹೆಸರನ್ನೂ ಎರರ್ ಪಠ್ಯವನ್ನೂ ಸೇರಿಸಿ ಒಂದು ಕೀಲಿ ಮಾಡಿ, ಟೇಬಲ್‌ನಲ್ಲಿ ಎಣಿಸಲಿ. ಎರರ್ ಯಾವಾಗಲೂ ಪಠ್ಯವೇ ಆಗಿರಬೇಕೆಂದಿಲ್ಲ, ಟೇಬಲ್ ಆಗಿಯೂ ಬರಬಹುದು. ಮೊದಲು ‘ಟುಸ್ಟ್ರಿಂಗ್’ ಮಾಡದಿದ್ದರೆ ಹ್ಯಾಂಡ್ಲರೇ ಬೀಳುತ್ತದೆ. ಎಣಿಕೆ 1 ಆಗಿದ್ದರೆ ಮುಖ್ಯ ವಿಂಡೋದಲ್ಲಿ ಒಂದು ಚಿಕ್ಕ ಸಾಲು, ‘ಅನೌನ್ಸ್’ ಫಂಕ್ಷನ್ ಮೂಲಕ ಸ್ಕ್ರೀನ್ ರೀಡರ್‌ಗೆ ಅದೇ ಸಾಲು, ಜೊತೆಗೆ ‘ಪ್ಲೇಸೌಂಡ್‌ಫೈಲ್’ನಿಂದ ಆಟದಲ್ಲಿ ಬೇರೆಲ್ಲೂ ಬಳಸದ ಒಂದು ಶಬ್ದ. ಎರಡನೇ ಸಲದಿಂದ ಎಣಿಕೆ ಮಾತ್ರ ಹೆಚ್ಚಲಿ, ನಿಮಿಷಕ್ಕೊಮ್ಮೆ ‘ಇದೇ ಎರರ್ ಇನ್ನೂ 48 ಸಲ’ ಎಂದು ಹೇಳಲಿ. ಪೂರ್ತಿ ಟ್ರೇಸ್‌ಬ್ಯಾಕ್ ಪ್ರೊಫೈಲ್ ಫೋಲ್ಡರ್‌ನ ಒಂದು ಫೈಲಿಗೆ, ತಾರೀಕು, ಹೊತ್ತು, ಟ್ರಿಗರನ್ನು ಎಬ್ಬಿಸಿದ ಆಟದ ಸಾಲಿನ ಸಮೇತ ಹೋಗಲಿ. ಶಬ್ದ ಬೇರೆ ಇರಬೇಕು ಎಂದದ್ದನ್ನು ದಯವಿಟ್ಟು ಬಿಡಬೇಡಿ. ಕಾಳಗದಲ್ಲಿ ಸ್ಕ್ರೀನ್ ರೀಡರ್‌ನ ಮಾತು ಹಿಂದೆ ಬೀಳುತ್ತದೆ, ಶಬ್ದ ತಕ್ಷಣ ಕಿವಿಗೆ ಬೀಳುತ್ತದೆ.

ಈ ಕಾವಲನ್ನು ಟ್ರಿಗರ್, ಟೈಮರ್‌ಗಳ ಹೊರ ಅಂಚಿನಲ್ಲಿ ಮಾತ್ರ ಹಾಕಿ. ಒಳಗಿನ ಪ್ರತಿ ಫಂಕ್ಷನ್‌ಗೂ ಹಾಕಿದರೆ ಒಳಗೆ ಕೆಟ್ಟದ್ದು ಹೊರಗಿನವರಿಗೆ ಗೊತ್ತಾಗದೆ ಮುಂದಿನ ಸಾಲುಗಳು ಖಾಲಿ ಬೆಲೆಯ ಮೇಲೆ ಓಡುತ್ತವೆ.

ಇನ್ನೆರಡು ಸಣ್ಣ ಮಾತು. ಮಡ್‌ಲೆಟ್‌ನ ಎರರ್ ಸಾಲಿನಲ್ಲಿ ಟ್ರಿಗರ್‌ನ ಹೆಸರು ಬರುತ್ತದೆ; ಎಲ್ಲದಕ್ಕೂ ‘ನ್ಯೂ ಟ್ರಿಗರ್’ ಎಂದೇ ಬಿಟ್ಟಿದ್ದರೆ ಅದರಿಂದ ಉಪಯೋಗವಿಲ್ಲ. ಹೇಳಿದಷ್ಟು ಹೊತ್ತಿನ ನಂತರ ಓಡುವ ಟೆಂಪ್‌ಟೈಮರ್‌ಗೆ ಕೋಡನ್ನು ಉದ್ಧರಣೆಯೊಳಗಿನ ಪಠ್ಯವಾಗಿ ಕೊಡುವ ಬದಲು ಫಂಕ್ಷನ್ ಆಗಿ ಕೊಡಿ, ಇಲ್ಲವಾದರೆ ಎರರ್ ಹೇಳುವ ಸಾಲಿನ ಸಂಖ್ಯೆ ಆ ಪಠ್ಯದೊಳಗಿನದು, ನಿಮ್ಮ ಸ್ಕ್ರಿಪ್ಟ್‌ನದ್ದಲ್ಲ. ಹಾಗೆಯೇ ಇವತ್ತೇ ಮಾಡಬಹುದಾದ ಕೆಲಸ: ಸೆಟ್ಟಿಂಗ್ಸ್‌ನಲ್ಲಿ ಲುವಾ ಎರರ್‌ಗಳನ್ನು ಮುಖ್ಯ ಕನ್ಸೋಲ್‌ಗೂ ಎಕೋ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಅಷ್ಟೇ ಇದ್ದಿದ್ದರೂ ಮೊದಲ ಪ್ರಾಂಪ್ಟ್‌ನಲ್ಲೇ ನಿಮಗೆ ಕೇಳಿಸುತ್ತಿತ್ತು. ಆದರೆ ಅದು ಎಣಿಸಿ ಸುಮ್ಮನಾಗುವುದಿಲ್ಲ, ಪ್ರತಿ ಸಲವೂ ಓದಿಸುತ್ತದೆ. ಅದಕ್ಕೇ ಕಾವಲು ಬೇಕೆಂದದ್ದು.

ಮಡ್‌ಲೆಟ್‌ನಲ್ಲಿ ‘ಎಕೋ’ ಮಾಡಿದ ಪಠ್ಯ ಮತ್ತೆ ಟ್ರಿಗರ್‌ಗಳನ್ನು ಎಬ್ಬಿಸುವುದಿಲ್ಲ. ಟಿನ್‌ಟಿನ್‌ಪ್ಲಸ್‌ಪ್ಲಸ್ ಎಂಬ ಇನ್ನೊಂದು ಕ್ಲೈಂಟ್‌ಗೆ ಹೋದರೆ ಜಾಗ್ರತೆ, ಅಲ್ಲಿ ‘ಶೋಮಿ’ಯಿಂದ ತೋರಿಸಿದ ಸಾಲೂ ಆಕ್ಷನ್‌ಗಳಿಗೆ (ಟ್ರಿಗರ್‌ಗೆ ಅಲ್ಲಿನ ಹೆಸರು) ಹೊಂದಿಕೆಯಾಗುತ್ತದೆ. ಎರರ್ ಸಂದೇಶದಲ್ಲಿ ಆಟದ ಸಾಲನ್ನೇ ಮರುಮುದ್ರಿಸಿದರೆ ಅದೇ ಆಕ್ಷನ್ ಮತ್ತೆ ಎದ್ದು ಸುತ್ತು ಶುರುವಾಗುತ್ತದೆ.

ತಾನಾಗಿ ಆಫ್ ಆಗಬೇಕೆ?

ಮನೆಯ ಎಂಸಿಬಿ ಹಾಗೆ, ತೊಂದರೆ ಕೊಟ್ಟದ್ದನ್ನು ಕಡಿದುಹಾಕುವುದು ಮೇಲ್ನೋಟಕ್ಕೆ ಸರಿ. ಬಣ್ಣ ಹಾಕುವ, ಲಾಗ್ ಬರೆಯುವ ಟ್ರಿಗರ್‌ಗಳಿಗೆ ಅದು ನಿಜಕ್ಕೂ ಸರಿ: ಹತ್ತು ಸೆಕೆಂಡಿನಲ್ಲಿ ಐದು ಸಲ ಬಿದ್ದರೆ ಆಫ್ ಮಾಡಿ, ಹೇಳಿ. ನಿಮ್ಮ ಮದ್ದಿನ ಟ್ರಿಗರ್‌ಗೆ ಅದೇ ನಿಯಮ ಹಾಕಿದ್ದರೆ ಏನಾಗುತ್ತಿತ್ತು ನೋಡಿ: 1,900ರಲ್ಲಿ ಐದು ಸಲ ಬಿದ್ದು ಆಫ್ ಆಗಿ, 999ಕ್ಕೆ ಇಳಿದಾಗ ಈಗ ಓಡುತ್ತಿದ್ದದ್ದೂ ಓಡುತ್ತಿರಲಿಲ್ಲ. ಪಾತ್ರದ ಜೀವ ಕಾಯುವ ಸ್ಕ್ರಿಪ್ಟ್ ಬಿದ್ದಾಗ ಅದಕ್ಕೆ ಬೇಕಾದದ್ದು ಬದಲಿ ದಾರಿ. ಅಂಕಿ ಸಿಗಲಿಲ್ಲವೇ, ಎಚ್ಚರಿಕೆ ಕೊಟ್ಟು, ಕಾಳಗದಲ್ಲಿದ್ದರೆ ಓಡಿಹೋಗುವ ಆದೇಶ ಕಳಿಸಲಿ. ಅನಗತ್ಯವಾಗಿ ಒಮ್ಮೆ ಓಡಿಹೋದರೂ ನಷ್ಟ ಸಣ್ಣದು. ನೀವೇ ‘ಡಿಸೇಬಲ್‌ಟ್ರಿಗರ್’ ಬಳಸುವುದಾದರೆ ಒಂದು ಎಚ್ಚರ, ಅದು ಹೆಸರಿನಿಂದ ಕೆಲಸ ಮಾಡುತ್ತದೆ. ಒಂದೇ ಹೆಸರಿನ ನಾಲ್ಕು ಟ್ರಿಗರ್ ಇದ್ದರೆ ನಾಲ್ಕೂ ಆಫ್.

ಆದ್ದರಿಂದ ಸಲಹೆಯಲ್ಲಿ ಮೊದಲು ಕೇಳಬೇಕಾದದ್ದು ಬೇರೆ. ಎರರ್ ಆದಾಗ ಕ್ಲೈಂಟ್ ಒಂದು ಈವೆಂಟ್ (ಸ್ಕ್ರಿಪ್ಟ್‌ಗಳು ಕೇಳಿಸಿಕೊಳ್ಳಬಲ್ಲ ಸೂಚನೆ) ಎಬ್ಬಿಸಲಿ, ಅದರ ಜೊತೆ ವಸ್ತುವಿನ ಬಗೆ, ಹೆಸರು, ಸಾಲಿನ ಸಂಖ್ಯೆ, ಎರರ್ ಪಠ್ಯ ಬರಲಿ. ಆಗ ಶಬ್ದ ಬೇಕೋ, ಮಾತು ಬೇಕೋ, ಆಫ್ ಮಾಡಬೇಕೋ ಎಂಬುದನ್ನು ಆಟಗಾರರೇ ತೀರ್ಮಾನಿಸಬಹುದು. ಆ ಈವೆಂಟ್ ಕೇಳುವ ಫಂಕ್ಷನ್‌ನಲ್ಲೇ ಎರರ್ ಆದರೆ ಮತ್ತೆ ಈವೆಂಟ್ ಏಳಬಾರದು ಎಂಬುದನ್ನೂ ಬರೆಯಿರಿ. ಬರೆಯದಿದ್ದರೆ ಡೆವಲಪರ್ ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಒಂದೇ ಎರರನ್ನು ಎಣಿಕೆಯೊಂದಿಗೆ ಒಂದೇ ಸಾಲಾಗಿ ತೋರಿಸುವುದು ಎರಡನೆಯ ಬೇಡಿಕೆ, ಪ್ರತ್ಯೇಕವಾಗಿ ಬರೆಯಿರಿ. ತಾನಾಗಿ ಆಫ್ ಆಗುವುದನ್ನು ಕೇಳಲೇಬೇಕೆನಿಸಿದರೆ ಮೂರನೆಯದಾಗಿ, ಟ್ರಿಗರ್‌ವಾರು ಆಯ್ಕೆಯಾಗಿ, ಮೊದಲೇ ಆನ್ ಆಗಿರದಂತೆ ಕೇಳಿ. ಮೂರನ್ನೂ ಒಂದೇ ಕೋರಿಕೆಯಲ್ಲಿ ತುರುಕಿದರೆ ಕಷ್ಟದ ಒಂದಕ್ಕಾಗಿ ಸುಲಭದ ಎರಡೂ ನಿಂತುಬಿಡುತ್ತವೆ. ಕಳಿಸುವ ಮುನ್ನ ನಿಮ್ಮ ಆವೃತ್ತಿಯ ಕೈಪಿಡಿಯಲ್ಲಿ ಈವೆಂಟ್ ಪಟ್ಟಿ ಓದಿ, ಅಂಥದ್ದು ಈಗಾಗಲೇ ಬಂದಿದ್ದರೂ ಬಂದಿರಬಹುದು.

ಸ್ಕ್ರೀನ್ ರೀಡರ್ ವಿಷಯವನ್ನು ಕೊನೆಯ ಸಾಲಿಗೆ ತಳ್ಳಬೇಡಿ, ಅದೇ ನಿಮ್ಮ ಬಲವಾದ ಕಾರಣ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಟ್ಟಿದ ಮೊದಲ ಮಡ್‌ನಿಂದ ಇಂದಿನವರೆಗೆ ಈ ಆಟಗಳು ನಡೆಯುವುದು ಪಠ್ಯದಲ್ಲಿ. ದೃಷ್ಟಿ ಇಲ್ಲದವರು ಉಳಿದವರ ಸರಿಸಮವಾಗಿ ಆಡುವ ಆನ್‌ಲೈನ್ ಆಟಗಳು ಹೆಚ್ಚಿಲ್ಲ. ಅಂಥ ಕಡೆ ಎರರ್ ಮಾತ್ರ ಬೇರೆ ವಿಂಡೋದ ಮೂಲೆಯಲ್ಲಿ, ಕಣ್ಣಿಗಷ್ಟೇ ಕಾಣುವಂತೆ ಇದ್ದರೆ ಅದು ಸೌಲಭ್ಯದ ಕೊರತೆ ಮಾತ್ರವಲ್ಲ, ದೋಷ. ದೋಷವೆಂದೇ ಬರೆಯಿರಿ.

ಜೊತೆಗೆ ಅವರು ತಮ್ಮಲ್ಲಿ ಮರಳಿ ಮಾಡಿ ನೋಡುವಂಥ ಉದಾಹರಣೆ ಇರಲಿ. ಹೊಸ ಖಾಲಿ ಪ್ರೊಫೈಲ್‌ನಲ್ಲಿ ಒಂದೇ ಟ್ರಿಗರ್ ಮಾಡಿ. ‘ಫೀಡ್‌ಟ್ರಿಗರ್ಸ್’ ಫಂಕ್ಷನ್‌ಗೆ ಕಾಮಾ ಇರುವ ಪ್ರಾಂಪ್ಟ್ ಸಾಲು ಕೊಟ್ಟರೆ ಸರ್ವರ್‌ನಿಂದ ಬಂದಂತೆಯೇ ಟ್ರಿಗರ್ ಏಳುತ್ತದೆ. ಸಾಲಿನ ಕೊನೆಗೆ ಹೊಸಸಾಲಿನ ಗುರುತು ಇರಲಿ. ಇದೇ ದಾರಿಯಲ್ಲಿ ನಿಮ್ಮ ತಿದ್ದಿದ ಸ್ಕ್ರಿಪ್ಟನ್ನೂ ಪರೀಕ್ಷಿಸಿ: 4,120, 1,999, 999, 0, 1,234,567, ಅಂಕಿಯೇ ಇಲ್ಲದ ಪ್ರಾಂಪ್ಟ್. ಮಡ್‌ಲೆಟ್ ಆವೃತ್ತಿ, ವಿಂಡೋಸ್ ಆವೃತ್ತಿ, ಎನ್‌ವಿಡಿಎ ಆವೃತ್ತಿ, ಆಗಬೇಕಾದದ್ದೇನು, ಆದದ್ದೇನು, ಇಷ್ಟು ಬರೆದು ಮಡ್‌ಲೆಟ್‌ನ ಗಿಟ್‌ಹಬ್ ಪುಟದಲ್ಲಿ ಹಾಕಿ. ಪ್ರೊಫೈಲ್ ಪೂರ್ತಿ ಲಗತ್ತಿಸಬೇಡಿ, ಆ ಒಂದು ಟ್ರಿಗರನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಪ್ರೊಫೈಲ್‌ನಲ್ಲೂ ಆಟದ ಲಾಗ್‌ನಲ್ಲೂ ನಿಮ್ಮ ಪಾಸ್‌ವರ್ಡ್ ಇರುವ ಸಾಧ್ಯತೆ ಇದೆ.